ಕುಲುಮೆಯಲ್ಲಿ ಮಡಚುವ ಚಾಕು ಮಾಡಿಸುವುದು ಹೇಗೆ?

ಚಿತ್ರದುರ್ಗ, ಚಳ್ಳಕೆರೆ, ಹೊಳಲ್ಕೆರೆ ಸೀಮೆಯ ಕುಲುಮೆಗಳಲ್ಲಿ ಹೆಚ್ಚಾಗಿ ತಯಾರಾಗುವುದು ಕುಡುಗೋಲು, ಕೊಡಲಿ, ಕುಂಟೆಯ ಕುಡಗಳೇ ಆದ್ದರಿಂದ, ಜೇಬಿನಲ್ಲಿಟ್ಟುಕೊಳ್ಳುವ ಮಡಚು ಚಾಕುವಿನ ಕೀಲಿನ ಕೆಲಸ ಬಲ್ಲ ಕಮ್ಮಾರರನ್ನು ವಿಚಾರಿಸಿಯೇ ಹುಡುಕಬೇಕು. ಅವರು ಹಿಂದೆ ಮಾಡಿದ ಒಂದು ಚಾಕುವನ್ನಾದರೂ ಕೈಯಲ್ಲಿ ಹಿಡಿದು ನೋಡದೆ ಮುಂಗಡ ಕೊಡಬಾರದು. ಮುಂಗಾರು ಬಿತ್ತನೆಗೆ ಮುಂಚಿನ ವಾರಗಳಲ್ಲಿ ರೈತರ ಸಲಕರಣೆಗಳು ಕುಲುಮೆಯ ಮುಂದೆ ಸಾಲುಗಟ್ಟಿರುತ್ತವೆ. ಆ ಹೊತ್ತಿನಲ್ಲಿ ಅವಸರಪಡಿಸುವುದು ಸರಿಯಲ್ಲ, ಬಿತ್ತನೆ ಮುಗಿದ ಮೇಲೆ ಹೋಗಬೇಕು.

ಮೊದಲ ಕೆಲಸ, ಚಾಕು ಯಾವುದಕ್ಕೆ ಬೇಕೆಂದು ಹೇಳುವುದು. ಹಣ್ಣು ಕೊಯ್ಯಲು, ಹಗ್ಗ ಕತ್ತರಿಸಲು, ಗಿಡಕ್ಕೆ ಕಸಿ ಕಟ್ಟಲು ಬೇಕಾಗುವ ಅಲಗುಗಳು ಒಂದೇ ಬಗೆಯವಲ್ಲ. ಬೇಕಾದ ಆಕಾರವನ್ನು ರಟ್ಟಿನ ಮೇಲೆ ನಿಜವಾದ ಅಳತೆಯಲ್ಲೇ ಬರೆದು, ಕತ್ತರಿಸಿ, ಮುಷ್ಟಿಯಲ್ಲಿ ಹಿಡಿದು ನೋಡಿ, ಆ ರಟ್ಟನ್ನೇ ಕಮ್ಮಾರರಿಗೆ ಕೊಡುವುದು ಬಾಯಿಮಾತಿಗಿಂತ ಸಾವಿರ ಪಾಲು ಮೇಲು. ಜೇಬಿನ ಚಾಕುವಿಗೆ ಮೂರು ಅಂಗುಲದ ಅಲಗು ಧಾರಾಳವಾಯಿತು. ಗುಂಡಿ ಒತ್ತಿದರೆ ತಾನಾಗಿ ತೆರೆದುಕೊಳ್ಳುವ ಚಾಕುವನ್ನು ಕೇಳಲೇಬಾರದು.

ಎರಡನೆಯದು ಉಕ್ಕು, ಅದಕ್ಕಿಂತ ಮುಖ್ಯವಾಗಿ ಅದರ ಹದ. ಕಿಟಕಿಯ ಸರಳಿಗೆ ಬಳಸುವ ಮೆತ್ತನೆಯ ಕಬ್ಬಿಣದಲ್ಲಿ ಇಂಗಾಲ ಕಡಿಮೆ ಇರುವುದರಿಂದ, ಎಷ್ಟೇ ಕಾಯಿಸಿ ಅದ್ದಿದರೂ ಅದು ಬಿರುಸಾಗುವುದಿಲ್ಲ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಶೇ 0.5ರಿಂದ 0.6ರಷ್ಟು ಇಂಗಾಲವಿದ್ದು, ಅದು ಚಾಕುವಿಗೆ ಚೆನ್ನಾಗಿ ಒಗ್ಗುತ್ತದೆ. ಕೆಂಪಗೆ ಕಾದ ಅಲಗಿಗೆ ಆಯಸ್ಕಾಂತ ಅಂಟದಿರುವ ಹಂತ, ಅಂದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿ ಇನ್ನೂ ತುಸು ಕಾದಾಗ ಅದನ್ನು ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅದು ಗಾಜಿನಂತೆ ಪೆಡಸಾಗಿರುತ್ತದೆ, ಕೆಳಗೆ ಬಿದ್ದರೆ ಮುರಿದರೂ ಮುರಿದೀತು. ಮತ್ತೆ 200 ಡಿಗ್ರಿಯ ಆಸುಪಾಸಿಗೆ ನಿಧಾನವಾಗಿ ಕಾಯಿಸಿದಾಗ, ಉಜ್ಜಿ ಬೆಳ್ಳಗಾಗಿಸಿದ ಉಕ್ಕಿನ ಮೇಲೆ ಒಣಹುಲ್ಲಿನ ತಿಳಿಹಳದಿ ಬಣ್ಣ ಬೆನ್ನಿನಿಂದ ಬಾಯಿಯ ಕಡೆಗೆ ಹರಿದು ಬರುವುದನ್ನು ಕಣ್ಣಾರೆ ಕಾಣಬಹುದು. ಅದೇ ಅಲಗಿನ ಹದ. ಹಿಡಿಯ ಬೆನ್ನಿನಲ್ಲಿ ಕೂತು ಅಲಗನ್ನು ಬಿಗಿಹಿಡಿಯುವ ಸ್ಪ್ರಿಂಗನ್ನು ಮಾತ್ರ ನೀಲಿ ಬಣ್ಣ ಬರುವವರೆಗೆ ಕಾಯಿಸಬೇಕು, ಇಲ್ಲದಿದ್ದರೆ ಅದು ಬಾಗುವ ಬದಲು ಮುರಿಯುತ್ತದೆ. ಅನುಮತಿ ಕೇಳಿ ಈ ಕೆಲಸವನ್ನು ಹತ್ತಿರ ನಿಂತು ನೋಡಿ. ಹದ ಹಿಡಿದಿದೆಯೋ ಇಲ್ಲವೋ ಎಂಬುದನ್ನು ಅರ ಆಡಿಸಿ ತೋರಿಸುವಂತೆಯೂ ಕೇಳಬಹುದು: ಬಿರುಸಾದ ಅಲಗಿನ ಮೇಲೆ ಅರ ಕಚ್ಚದೆ ಜಾರುತ್ತದೆ.

ಹಿಡಿಗೆ ನಮ್ಮ ಸೀಮೆಯ ಜಾಲಿ ಮರ ಗಟ್ಟಿಯಾದದ್ದು, ಆದರೆ ಅದು ಪೂರ್ತಿ ಒಣಗಿರಬೇಕು. ನಾನು ಮೊದಲ ಬಾರಿ ಮಾಡಿಸಿದ ಚಾಕುವಿಗೆ ಹಸಿ ಕಟ್ಟಿಗೆ ಹಾಕಿದ್ದರಿಂದ, ಶಿವರಾತ್ರಿಯ ನಂತರದ ಬಿಸಿಲಿಗೆ ಹಿಡಿಯು ರಿವೆಟ್ಟಿನ ತೂತಿನಿಂದ ಉದ್ದಕ್ಕೂ ಸೀಳಿತು. ಕಟ್ಟಿಗೆ ಯಾವಾಗ ಕಡಿದದ್ದೆಂದು ಆ ದಿನ ನಾನು ಕೇಳಿರಲಿಲ್ಲ.

ಚಾಕು ಕೈಗೆ ಬಂದ ದಿನ ಹೊಳಪನ್ನು ಬಿಟ್ಟು ಕೀಲನ್ನು ನೋಡಬೇಕು. ತೆರೆದ ಅಲಗನ್ನು ಎರಡು ಬೆರಳಿನಲ್ಲಿ ಹಿಡಿದು ಎಡಬಲಕ್ಕೆ ಅಲುಗಿಸಿದರೆ ಆಡಬಾರದು, ತೆರೆಯುವಾಗ ಟಕ್ಕೆಂದು ನಿಲ್ಲಬೇಕು, ಮಡಚಿದಾಗ ಹಿಡಿಯ ನಟ್ಟನಡುವೆ ಕೂರಬೇಕು, ಅದರ ಬಾಯಿ ಸ್ಪ್ರಿಂಗಿಗೆ ತಾಗಬಾರದು. ಇವುಗಳಲ್ಲಿ ಯಾವುದು ಸರಿಯಿಲ್ಲದಿದ್ದರೂ ಅಲ್ಲೇ, ಮರ್ಯಾದೆಯಿಂದ, ತೋರಿಸಿ ಹೇಳಿ. ಇಷ್ಟೆಲ್ಲ ಸರಿಯಿರುವ ಚಾಕುವಿಗೆ ದಿನಗಟ್ಟಲೆ ಅರ ತಿಕ್ಕಿದ ದುಡಿಮೆ ಹಿಡಿದಿರುವುದರಿಂದ, ಮೊದಲೇ ಒಪ್ಪಿದ ಬೆಲೆಯ ಮೇಲೆ ಕೊನೆಗಳಿಗೆಯಲ್ಲಿ ಚೌಕಾಸಿಗೆ ಇಳಿಯಬಾರದು.

ಈ ಉಕ್ಕು ತುಕ್ಕು ಹಿಡಿಯುವ ಜಾತಿಯದು. ನಿಂಬೆ, ಮಾವು ಕೊಯ್ದೊಡನೆ ಒರೆಸಿ ಒಣಗಿಸಿ, ಕೀಲಿಗೆ ತೊಟ್ಟು ಎಣ್ಣೆ ಬಿಡಬೇಕು. ಅಲಗು ಬರಬರುತ್ತ ಬೂದುಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ತಿಂಗಳು ಬಳಸಿದ ಮೇಲೆ ಕೀಲು ಸಡಿಲವೆನಿಸಿದರೆ ಅದೇ ಕುಲುಮೆಗೆ ಒಯ್ಯಿರಿ, ರಿವೆಟ್ಟಿನ ತಲೆಗೆ ಎರಡು ಹಗುರ ಪೆಟ್ಟು ಬಿದ್ದರೆ ಬಿಗಿಯಾಗುತ್ತದೆ.