ಬಿಸಿಲಿನಿಂದ ತಂಪು: ಎಜೆಕ್ಟರ್ ಒಳಗಿನ ಹಬೆಯ ಲೆಕ್ಕ ಹಾಕುವುದು ಹೇಗೆ?

ಕುಕ್ಕರ್ ಕೂಗಿದಾಗ ತೂತಿನಿಂದ ಒಂದು ಬೆರಳಗಲ ಏನೂ ಕಾಣದು, ಆಮೇಲೆ ಬೆಳ್ಳಗೆ ಹೊಗೆಯಾಡುತ್ತದೆ. ಕಾಣದ್ದು ಹಬೆ, ಕಂಡದ್ದು ಹನಿ. ಎಜೆಕ್ಟರ್ ಎಂದರೆ ಹಬೆಯ ರಭಸದಿಂದಲೇ ತಣ್ಣನೆಯ ಆವಿಯನ್ನು ಎಳೆದು ಮುಂದೆ ತಳ್ಳುವ, ತಿರುಗುವ ಭಾಗಗಳಿಲ್ಲದ ಪಂಪು. ಕುಕ್ಕರ್‌ನಲ್ಲಿ ಹೊರಗಿನ ಗಾಳಿ ಬೆರೆತು ಹನಿ ಕಟ್ಟಿದರೆ, ಎಜೆಕ್ಟರ್‌ನ ನಾಜಲ್‌ನಲ್ಲಿ (ಹಬೆ ನುಗ್ಗುವ ಕಿರುಬಾಯಿ) ಹಬೆ ಸರ್ರನೆ ಹಿಗ್ಗಿಯೇ ಹನಿಯಾಗುತ್ತದೆ. ಈ ಹನಿಗಳನ್ನು ಬಿಟ್ಟರೆ ಕಂಪ್ಯೂಟರಿನಲ್ಲಿ ಹಾಕುವ ಹರಿವಿನ ಲೆಕ್ಕ ಕೆಡುತ್ತದೆ.

ಹಿರಿಯೂರು ಕಡೆ ಕೊಯ್ದ ದಾಳಿಂಬೆಯ ಕಾವು ಇಳಿಸಲು ಒಂದು ಟನ್ (3.5 ಕಿಲೋವಾಟ್) ತಂಪು ಬೇಕೆನ್ನೋಣ. ಸೌರ ಕೊಳವೆಗಳಿಂದ 120 ಡಿಗ್ರಿ ಹಬೆ (1.98 ಬಾರ್), ನೀರು ಆವಿಯಾಗಿ ತಂಪು ಕೊಡುವ ಇವಾಪರೇಟರ್ 10 ಡಿಗ್ರಿ (12.3 ಮಿಲಿಬಾರ್), ಹಬೆ ಮತ್ತೆ ನೀರಾಗುವ ಕಂಡೆನ್ಸರ್ 30 ಡಿಗ್ರಿ (42 ಮಿಲಿಬಾರ್). ಒಂದು ಕಿಲೋ ಸೌರ ಹಬೆ ಇವಾಪರೇಟರ್‌ನಿಂದ 0.3 ಕಿಲೋ ಆವಿ ಎಳೆದುಕೊಂಡರೆ ಸೆಕೆಂಡಿಗೆ ಸುಮಾರು 5 ಗ್ರಾಂ ಹಬೆ ಬೇಕು, ನಾಜಲ್ ಗಂಟಲಿನ (ಅತಿ ಕಿರಿದಾದ ಜಾಗ) ವ್ಯಾಸ ನಾಲ್ಕೂವರೆ ಮಿ.ಮೀ. ಆಸುಪಾಸು.

ಮೊದಲು ಹಬೆಯನ್ನು ಆದರ್ಶ ಅನಿಲವೆಂದೇ (ಹನಿಯಾಗದ ಅನಿಲ) ಇಟ್ಟು ಲೆಕ್ಕ ಓಡಿಸಿ, ಉತ್ತರ ಸ್ಥಿರವಾಗಲಿ. ಆಗ 12 ಮಿಲಿಬಾರ್‌ಗೆ ಇಳಿದ ಹಬೆಯ ಉಷ್ಣತೆ ಮೈನಸ್ 160 ಡಿಗ್ರಿ ತೋರಿಸುತ್ತದೆ. ಇದು ಸಾಧ್ಯವೇ ಇಲ್ಲ. ಸಮತೋಲನದಲ್ಲಿ ಹಿಗ್ಗಿದರೆ ಅದೇ ಒತ್ತಡದಲ್ಲಿ 10 ಡಿಗ್ರಿ, ತೂಕದ ಐದರಲ್ಲೊಂದು ಪಾಲು ನೀರು. ಆವಿ ಹನಿಯಾಗುವಾಗ ಬಿಡುವ ಸುಪ್ತ ಶಾಖ ಕಿಲೋಗೆ ಸುಮಾರು 2,480 ಕಿಲೋಜೂಲ್. ಅದೇ ಈ ಅಜಗಜಾಂತರಕ್ಕೆ ಕಾರಣ.

ಈಗ ಹನಿಯ ಲೆಕ್ಕ ಸೇರಿಸಿ. ದ್ರವದ ಪಾಲಿಗೊಂದು, ಹನಿಗಳ ಸಂಖ್ಯೆಗೊಂದು, ಎರಡು ಸಮೀಕರಣ ಹೆಚ್ಚುವರಿಯಾಗಿ ಬೇಕು. ಹಬೆ ತಕ್ಷಣ ಹನಿಯಾಗುವುದಿಲ್ಲ, ಆ ಒತ್ತಡದ ಕುದಿಬಿಂದುವಿಗಿಂತ 30–40 ಡಿಗ್ರಿ ಕೆಳಗಿಳಿದ ಮೇಲೆ ಹನಿಗಳು ಒಮ್ಮೆಗೇ ಹುಟ್ಟುತ್ತವೆ. ಆಗ ಬಿಡುವ ಶಾಖದಿಂದ ಒತ್ತಡ ಸ್ವಲ್ಪ ಏರುತ್ತದೆ. ಹುಟ್ಟುವ ಜಾಗ ಕೆಲವೇ ಮಿ.ಮೀ. ಉದ್ದ, ಹಾಗಾಗಿ ಗಂಟಲು ದಾಟಿದ ಭಾಗದಲ್ಲಿ ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಹಂಚುವ ಚೌಕಗಳ ಜಾಲ) ತೀರಾ ಸಣ್ಣದಿರಲಿ. ಇಲ್ಲಿ ಉಳಿತಾಯ ಮಾಡಿದರೆ ಒತ್ತಡದ ಆ ಸಣ್ಣ ಏರು ಕಾಣದೇ ಹೋಗುತ್ತದೆ. ಗೋಡೆ ಪಕ್ಕ ವೈ-ಪ್ಲಸ್ (ಗೋಡೆಯಿಂದ ಮೊದಲ ಚೌಕದ ದೂರದ ಅಳತೆ) 1ರ ಹತ್ತಿರ ಇರಲಿ, ಪ್ರಕ್ಷುಬ್ಧತೆಗೆ (ಹರಿವಿನ ಸುಳಿಗಳಿಗೆ) ಕೆ-ಒಮೆಗಾ ಎಸ್‌ಎಸ್‌ಟಿ ಎಂಬ ಮಾದರಿ ಸಾಕು. ಒತ್ತಡ 6.1 ಮಿಲಿಬಾರ್‌ಗಿಂತ ಇಳಿದರೆ ಮಂಜುಗಡ್ಡೆ ಬರಬಹುದು, ಸಾಮಾನ್ಯ ಮಾದರಿಗಳಲ್ಲಿ ಅದರ ಲೆಕ್ಕವಿಲ್ಲ.

ನಿಮ್ಮ ಎಜೆಕ್ಟರ್‌ಗೆ ಹೋಗುವ ಮುನ್ನ ಮೋಸೆಸ್ ಮತ್ತು ಸ್ಟೈನ್ 1978ರಲ್ಲಿ ಪ್ರಕಟಿಸಿದ ನಾಜಲ್ ಒತ್ತಡದ ಅಳತೆಗಳ ಜೊತೆ ತಾಳೆ ನೋಡಿ. ಒತ್ತಡದ ಏರು ತಪ್ಪು ಜಾಗದಲ್ಲಿ ಬಂದರೆ ಮೇಲ್ಮೈ ಬಿಗುವಿನ ಸೂತ್ರವನ್ನು ಮೊದಲು ಅನುಮಾನಿಸಿ. ಹನಿ ಹುಟ್ಟುವ ವೇಗ ಅದಕ್ಕೆ ವಿಪರೀತ ಸೂಕ್ಷ್ಮ. ರೆಸಿಡ್ಯುಯಲ್ (ಸಮೀಕರಣಗಳಲ್ಲಿ ಉಳಿದ ತಪ್ಪು) ಇಳಿದದ್ದನ್ನು ನಂಬಿ ಕೂರಬೇಡಿ. ಎರಡು ಬಾಯಿಂದ (ಸೌರ ಹಬೆ, ಇವಾಪರೇಟರ್ ಆವಿ) ಒಳಹೋದದ್ದಕ್ಕೂ ಹೊರಬಂದದ್ದಕ್ಕೂ ತೂಕದಲ್ಲಿ ಅರ್ಧ ಶೇಕಡಕ್ಕಿಂತ ಹೆಚ್ಚು ವ್ಯತ್ಯಾಸವಿರಬಾರದು.

ಕೊನೆಗೆ ಹೊರಬಾಯಿಯ ಒತ್ತಡವನ್ನು 30 ಮಿಲಿಬಾರ್‌ನಿಂದ ಎರಡೆರಡಾಗಿ ಏರಿಸುತ್ತ ಹೋಗಿ. ಎಳೆಯುವ ಪ್ರಮಾಣ ಒಂದು ಮಟ್ಟದವರೆಗೆ ಅಲುಗದು, ಆಮೇಲೆ ಧಡ್ ಎಂದು ಬೀಳುತ್ತದೆ. ಚಿತ್ರದುರ್ಗದ ಏಪ್ರಿಲ್‌ನಲ್ಲಿ ಗಾಳಿ ಒಣಗಿರುವುದರಿಂದ ಕೂಲಿಂಗ್ ಟವರ್ ಚೆನ್ನಾಗಿಯೇ ತಂಪು ಕೊಡುತ್ತದೆ, ಆದರೆ ಬೋರ್‌ವೆಲ್ ನೀರಿನ ಉಪ್ಪು ಕಂಡೆನ್ಸರ್ ಕೊಳವೆಗೆ ಕಟ್ಟಿದರೆ 30 ಡಿಗ್ರಿ 35 ಆಗುತ್ತದೆ, 42 ಮಿಲಿಬಾರ್ 56. ಬೀಳುವ ಬಿಂದು ಅದಕ್ಕಿಂತ ಕೆಳಗಿದ್ದರೆ ಹಬೆಯ ಒತ್ತಡ ಏರಿಸಿ, ಇಲ್ಲವೇ ಮಿಶ್ರಣ ಕೊಳವೆಯನ್ನು ಸ್ವಲ್ಪ ಕಿರಿದು ಮಾಡಿ ಮತ್ತೆ ಓಡಿಸಿ. ಎರಡರಲ್ಲೂ ಎಳೆಯುವ ಪ್ರಮಾಣ ಕಡಿಮೆಯಾಗುತ್ತದೆ, ಸೌರ ಕೊಳವೆಗಳ ಸಂಖ್ಯೆಯನ್ನು ಅದಾದ ಮೇಲೆಯೇ ನಿರ್ಧರಿಸಿ.