ಸೀಲ್ ಮೂರು ಸಲ ಬದಲಿಸಿದೆ, ಹಾಳಾಗಿದ್ದು ಪೈಪ್

ನನ್ನದು 2000ನೇ ಇಸವಿಯ ಹೀರೋ ಹೋಂಡಾ ಸಿಬಿಜಡ್ ಬೈಕ್. ಧಾರವಾಡದಿಂದ ಪುಣೆಗೆ ಕೆಲಸಕ್ಕೆ ಬಂದಾಗ ಜೊತೆಗೇ ತಂದೆ. ಇಂಜಿನ್ ಇವತ್ತಿಗೂ ತೊಂದರೆ ಕೊಟ್ಟಿಲ್ಲ. ಕಾಡಿದ್ದು ಮುಂದಿನ ಶಾಕಪ್, ಅಂದರೆ ಮುಂದಿನ ಚಕ್ರವನ್ನು ಎರಡು ಕಾಲಿನಲ್ಲಿ ಹಿಡಿದಿರುವ ಫೋರ್ಕ್. ಪ್ರತಿ ಕಾಲಿನಲ್ಲೂ ಒಂದು ಕ್ರೋಮ್ ಪೈಪ್, ಎಣ್ಣೆ ಇರುವ ಬಾಟಮ್ ಕೇಸಿನೊಳಗೆ ಜಾರುತ್ತದೆ. ಆ ಎಣ್ಣೆ ಹೊರಗೆ ಬರದಂತೆ ತಡೆಯುವ ರಬ್ಬರ್ ಉಂಗುರವೇ ಆಯಿಲ್ ಸೀಲ್. ಡಿಸ್ಕ್ ಇರುವ ಕಡೆಯ ಕಾಲಿನ ಆಯಿಲ್ ಸೀಲ್ ಒಂದೂವರೆ ವರ್ಷದಲ್ಲಿ ಮೂರು ಸಲ ಬದಲಾಯಿತು. ಪ್ರತಿ ಸಲವೂ ಒಂದೆರಡು ತಿಂಗಳು ಚೆನ್ನಾಗಿರುತ್ತಿತ್ತು. ಆಮೇಲೆ ಪೈಪಿನ ಮೇಲೆ ಎಣ್ಣೆಯ ಉಂಗುರ, ಅದಕ್ಕೆ ಮೆತ್ತಿದ ಧೂಳು, ಕೊನೆಗೆ ಬಾಟಮ್ ಕೇಸ್ ಮೇಲೆ ಇಳಿದು ಬರುವ ಗೆರೆ. ಮೂರನೇ ಸಲ ಆ ಗೆರೆ, ಬ್ರೇಕ್ ಪ್ಯಾಡುಗಳಿರುವ ಕ್ಯಾಲಿಪರ್ ಹತ್ತಿರ ಬಂದಿತ್ತು. ಪ್ಯಾಡಿಗೆ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಅದೂ ಪುಣೆಯ ಮಳೆಗಾಲದಲ್ಲಿ. ನನಗೆ ನಿಜಕ್ಕೂ ಹೆದರಿಕೆ ಆಯಿತು.

ನಾನು ಕೆಲಸ ಮಾಡುವುದು ಪುಣೆಯ ಕೈಗಾರಿಕಾ ಪ್ರದೇಶ ಭೋಸರಿಯಲ್ಲಿ, ಅಚ್ಚು-ಉಪಕರಣ ತಯಾರಿಸುವ ಒಂದು ಟೂಲ್ ರೂಮಿನಲ್ಲಿ. ಅಲ್ಲಿ ವಿಜಯಪುರ ಕಡೆಯ ಹಿರಿಯ ಫಿಟ್ಟರ್ ಒಬ್ಬರಿದ್ದಾರೆ. ಎಲ್ಲರಿಗೂ ಕಾಕಾ. ನಾಲ್ಕನೇ ಸಲ ಸೀಲ್ ತರಲು ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ನಾನಾ ಪೇಟೆಗೆ ಹೊರಟೆ ಅಂದಾಗ ಅವರು ತಡೆದರು. “ತಮ್ಮಾ, ಸೀಲ್ ಏನ್ ಪಾಪ ಮಾಡೇತಿ? ಮೊದ್ಲ ಪೈಪ್ ನೋಡು.”

ನೋಡಿದೆ. ಬರಿಗಣ್ಣಿಗೆ ಏನೂ ಕಾಣಲಿಲ್ಲ, ಕ್ರೋಮ್ ಹೊಳೆಯುತ್ತಿತ್ತು. ಕಾಕಾ ಸ್ವಲ್ಪ ಹತ್ತಿ ಕೊಟ್ಟು, ಪೈಪನ್ನು ಮೇಲಿಂದ ಕೆಳಗೆ ಮೆಲ್ಲಗೆ ಒರೆಸಲು ಹೇಳಿದರು. ಸೀಲ್ ಓಡಾಡುವ ಜಾಗದಲ್ಲಿ, ಮುಂಭಾಗಕ್ಕೆ, ಒಂದೇ ಒಂದು ಎಳೆ ಸಿಕ್ಕಿಕೊಂಡು ನಿಂತಿತು. ಅಲ್ಲಿ ಉಗುರು ಎಳೆದರೆ ಟಕ್ ಎಂದು ತಡೆಯುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕ ಗುಂಡಿ. ಅದರ ಅಂಚು ಬ್ಲೇಡಿನ ಹಾಗೆ. ರಸ್ತೆಯ ಪ್ರತಿ ಉಬ್ಬಿಗೂ ಸೀಲಿನ ತುಟಿಯನ್ನು, ಅಂದರೆ ಪೈಪಿಗೆ ತಾಗುವ ಒಳ ಅಂಚನ್ನು, ಅದೇ ಕೊಯ್ಯುತ್ತಿತ್ತು. ಮೂರು ಸೀಲಿನ ದುಡ್ಡು ಆ ಗುಂಡಿಗೆ ಹೋಗಿತ್ತು.

ಇಷ್ಟು ಹಳೆಯ ಗಾಡಿಗೆ ಹೊಸ ಪೈಪ್ ಹುಡುಕಿ ಸಾಕಾಯಿತು. ಕೊನೆಗೆ ಮಂಗಳವಾರ ಪೇಟೆಯ ಜುನಾ ಬಜಾರಿಗೆ ಹೋದೆ. ಬುಧವಾರ, ರವಿವಾರ ಸೇರುವ ಹಳೆ ಸಾಮಾನಿನ ಸಂತೆ ಅದು. ಎರಡನೇ ರವಿವಾರ ಒಂದು ಜೊತೆ ಫೋರ್ಕ್ ಸಿಕ್ಕಿತು, 1,800 ರೂಪಾಯಿಗೆ. ಕೊಳ್ಳುವ ಮೊದಲು ಅಲ್ಲೇ ನೆಲಕ್ಕೆ ಒತ್ತಿ ನೋಡಿದೆ. ಎರಡೂ ಕಾಲು ಒಂದೇ ಸಮನಾಗಿ ಇಳಿಯಬೇಕು, ಎಲ್ಲೂ ಹಿಡಿಯಬಾರದು. ಪೂರ್ತಿ ಎಳೆದು ಹಿಡಿದು ಅಲ್ಲಾಡಿಸಿದಾಗ ಲಟಲಟ ಅನ್ನಬಾರದು. ಕ್ಯಾಲಿಪರ್ ಬೋಲ್ಟಿನ ಕಿವಿಗಳಲ್ಲಿ ಬಿರುಕು ಇರಬಾರದು. ಒಂದು ಕಾಲಿಗೆ ರಬ್ಬರ್ ಚೀಲ ಹಾಕಿದ್ದರು. ಅದನ್ನು ಸರಿಸಿ ನೋಡದೆ ದುಡ್ಡು ಕೊಡಬೇಡಿ. ಚೀಲದೊಳಗೆ ನೀರು ನಿಂತು ತುಕ್ಕು ಹಿಡಿಯುವುದು ಬಹಳ. ಸಮುದ್ರದ ಕಡೆಯ ಗಾಡಿಯಾದರೆ ಇನ್ನೂ ಜಾಸ್ತಿ.

ಬಿಚ್ಚುವಾಗ ಎರಡು ಎಚ್ಚರ. ಮೇಲಿನ ಬೋಲ್ಟಿನ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ. ಕೊನೆಯ ಸುತ್ತುಗಳಲ್ಲಿ ಅಂಗೈಯಿಂದ ಒತ್ತಿ ಹಿಡಿಯಿರಿ, ಮುಖ ಅದರ ಮೇಲೆ ಬೇಡ. ಇನ್ನೊಂದು, ಬಾಟಮ್ ಕೇಸಿನ ತಳದ ಅಲೆನ್ ಬೋಲ್ಟ್. ಸ್ಪ್ರಿಂಗ್ ಒಳಗಿರುವಾಗಲೇ ಅದನ್ನು ಸಡಿಲ ಮಾಡಿಬಿಡಬೇಕು. ಸ್ಪ್ರಿಂಗ್ ತೆಗೆದ ಮೇಲೆ ಒಳಗಿನ ಡ್ಯಾಂಪರ್ ರಾಡ್ ಬೋಲ್ಟಿನ ಜೊತೆಗೇ ತಿರುಗುತ್ತದೆ, ಏನು ಮಾಡಿದರೂ ಬಿಚ್ಚುವುದಿಲ್ಲ. ಒಂದು ಕಾಲಿನಲ್ಲಿ ನನಗೆ ಹಾಗೇ ಆಯಿತು. ಪೊರಕೆಯ ಕಟ್ಟಿಗೆ ಹಿಡಿಕೆಯ ತುದಿ ಚೂಪು ಮಾಡಿ, ಮೇಲಿಂದ ಇಳಿಸಿ ರಾಡಿನ ತಲೆಗೆ ಬಲವಾಗಿ ಒತ್ತಿದೆ. ಕಾಕಾ ಕೆಳಗಿಂದ ತಿರುಗಿಸಿದರು. ಬಿಟ್ಟಿತು.

ಹಳೆಯ ಎಣ್ಣೆಯನ್ನು ಬಿಳಿ ಡಬ್ಬಿಗೆ ಸುರಿಯಿರಿ. ನನ್ನ ಹಳೆಯ ಕಾಲುಗಳದ್ದು ಕಪ್ಪಗಿತ್ತು, ಅಷ್ಟೇ. ಬಜಾರಿನ ಒಂದು ಕಾಲಿನದ್ದು ಬೂದು ಬಣ್ಣ, ಬಿಸಿಲಿಗೆ ಹಿಡಿದರೆ ಬೆಳ್ಳಿ ಪುಡಿ ಬೆರೆಸಿದ ಹಾಗೆ ಮಿನುಗುತ್ತಿತ್ತು. ಅದು ಅಲ್ಯೂಮಿನಿಯಂ. ಇಂಥ ಚಿಕ್ಕ ಫೋರ್ಕ್‌ಗಳಲ್ಲಿ ಎಷ್ಟೋ ಕಡೆ ಪೈಪ್ ನೇರವಾಗಿ ಕೇಸಿನೊಳಗೇ ಜಾರುತ್ತದೆ, ಹಾಗಾಗಿ ಸವೆಯುವುದು ಕೇಸೇ. ಆ ಕೇಸನ್ನು ಅಲ್ಲೇ ಪಕ್ಕಕ್ಕಿಟ್ಟೆ. ಎಣ್ಣೆ ಹಾಲು ಬೆರೆತ ಚಹಾದಂತೆ ಇದ್ದರೆ ನೀರು ಹೊಕ್ಕಿದೆ ಎಂದರ್ಥ.

ಈಗ ಬೆಂಚಿನ ಮೇಲೆ ನಾಲ್ಕು ಪೈಪ್, ನಾಲ್ಕು ಸ್ಪ್ರಿಂಗ್. ಸೀಮೆಎಣ್ಣೆಯಲ್ಲಿ ತೊಳೆದು, ಪೈಪಿನ ಎರಡು ತುದಿಗೆ ವಿ ಆಕಾರದ ಆಸರೆ, ಅಂದರೆ ವಿ-ಬ್ಲಾಕ್ ಕೊಟ್ಟು, ನಡುವೆ ಸಣ್ಣ ಏರಿಳಿತವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ನಿಲ್ಲಿಸಿದೆವು. ಒಂದು ಸುತ್ತು ತಿರುಗಿಸಿದಾಗ ಮುಳ್ಳು ಎಷ್ಟು ಓಡಿತೋ, ಪೈಪ್ ಬಾಗಿರುವುದು ಅದರ ಅರ್ಧದಷ್ಟು. ಮುಳ್ಳು 0.2 ಮಿ.ಮೀ. ದಾಟಿದರೆ ಆ ಪೈಪ್ ಬೇಡ ಎಂದು ಮೊದಲೇ ತೀರ್ಮಾನ ಮಾಡಿದ್ದೆ. ನನ್ನ ಚೆನ್ನಾಗಿದ್ದ ಪೈಪ್ 0.04 ತೋರಿಸಿತು, ಗುಂಡಿ ಬಿದ್ದದ್ದು 0.06. ಬಜಾರಿನವುಗಳಲ್ಲಿ ಒಂದು 0.07. ರಬ್ಬರ್ ಚೀಲದ್ದು 0.35! ಎರಡೂ ಕಾಲನ್ನು ಜೋಡಿಸಿ ಹಿಡಿಯುವ ಅಡ್ಡ ತುಂಡಿಗೆ ಟಿ ಅನ್ನುತ್ತೇವೆ. ಬಾಗಿದ್ದು ಕೆಳಗಿನ ಟಿ ಹಿಡಿಯುವ ಜಾಗದ ಸ್ವಲ್ಪ ಕೆಳಗೆ. ಮುಂದಿನಿಂದ ಗುದ್ದಿದ ಗಾಡಿ ಬಾಗುವುದು ಅಲ್ಲೇ. ಕೈಯಲ್ಲಿ ಹಿಡಿದು ನೋಡಿದಾಗ ನೆಟ್ಟಗೇ ಕಾಣುತ್ತಿತ್ತು, ಅದೇ ಮೋಸ. ಗೇಜ್ ಇಲ್ಲದವರು ದಪ್ಪ ಗಾಜಿನ ಮೇಲೆ ಉರುಳಿಸಿ, ಕೆಳಗೆ ಬೆಳಕು ಹಣಿಕಿ ಹಾಕುತ್ತದೆಯೇ ನೋಡಬಹುದು. ಪ್ರೆಸ್‌ನಲ್ಲಿ ನೆಟ್ಟಗೆ ಮಾಡಿಕೊಡುವವರು ಇದ್ದಾರೆ. ಮಡಿಕೆ ಬಿದ್ದ ಪೈಪನ್ನು ಮಾತ್ರ ಯಾರೇ ಒಪ್ಪಿದರೂ ನಾನು ಹಾಕುವುದಿಲ್ಲ. ಮುಂದಿನ ಚಕ್ರ ನಿಂತಿರುವುದೇ ಅದರ ಮೇಲೆ, ಅಲ್ವಾ?

ಹಾಗಾಗಿ ನನ್ನದೊಂದು ಪೈಪ್, ಬಜಾರಿನದೊಂದು ಪೈಪ್ ಆಯ್ಕೆಯಾದವು. ಬಜಾರಿನ ಪೈಪಿನಲ್ಲೂ ತುಕ್ಕಿನ ಚುಕ್ಕೆಗಳಿದ್ದವು, ಆದರೆ ತೀರಾ ಮೇಲೆ, ಟಿ ಒಳಗೆ ಮುಚ್ಚಿಹೋಗುವ ಕಡೆ. ಅಲ್ಲಿಗೆ ಸೀಲ್ ಬರುವುದೇ ಇಲ್ಲ, ಚಿಂತೆಯಿಲ್ಲ. ಕೆಳಭಾಗವನ್ನು 1500 ನಂಬರಿನ ಪಾಲಿಶ್ ಪೇಪರಿಗೆ ಎಣ್ಣೆ ಹಚ್ಚಿ ಹಗುರವಾಗಿ ಉಜ್ಜಿದೆ. ಉಜ್ಜಬೇಕಾದ್ದು ಪೈಪಿನ ಸುತ್ತ, ಉದ್ದಕ್ಕಲ್ಲ. ಉದ್ದಕ್ಕೆ ಗೀರು ಬಿದ್ದರೆ ಎಣ್ಣೆ ಹೊರಗೆ ಬರಲು ಕಾಲುವೆ ತೋಡಿದ ಹಾಗೆ. ಸ್ಪ್ರಿಂಗುಗಳನ್ನು ನಿಲ್ಲಿಸಿ ಅಳೆದಾಗ ಬಜಾರಿನವು ಒಂದಕ್ಕೊಂದು 4 ಮಿ.ಮೀ. ಹೆಚ್ಚುಕಡಿಮೆ ಇದ್ದವು. ನನ್ನ ಹಳೆಯ ಜೊತೆಯೇ ಸಮ ಇತ್ತು, ಅದನ್ನೇ ಹಾಕಿದೆ. ಒಂದು ಅಲ್ಲಿಯದು ಒಂದು ಇಲ್ಲಿಯದು ಸ್ಪ್ರಿಂಗ್ ಹಾಕಬಾರದು.

ಹೊಸ ಸೀಲ್ ತರಲು ಪೈಪ್ ಮತ್ತು ಹಳೆಯ ಸೀಲ್ ಎರಡನ್ನೂ ನಾನಾ ಪೇಟೆಗೆ ಒಯ್ದೆ. ಸೀಲಿನ ಮೇಲೆ ಮೂರು ಅಂಕಿ ಇರುತ್ತವೆ: ಒಳ ಅಳತೆ, ಹೊರ ಅಳತೆ, ದಪ್ಪ. ಮೂರೂ ಹೊಂದಬೇಕು. ಕೂರಿಸುವಾಗ ಪೈಪಿನ ತುದಿಗೆ ತೆಳು ಪ್ಲಾಸ್ಟಿಕ್ ಚೀಲ ಸುತ್ತಿ, ಫೋರ್ಕ್ ಆಯಿಲ್ ಸವರಿ, ಸೀಲನ್ನು ಅದರ ಮೇಲೆ ಜಾರಿಸಿದೆ. ಹಾಗೆ ಮಾಡಿದರೆ ತುದಿಯ ಅಂಚು ತುಟಿಯನ್ನು ಕೊಯ್ಯುವುದಿಲ್ಲ. ಸಣ್ಣ ಸ್ಪ್ರಿಂಗ್ ಕಾಣುವ ಮುಖ ಕೆಳಗೆ, ಎಣ್ಣೆಯ ಕಡೆಗೆ. ಹಳೆಯ ಸೀಲನ್ನು ಮೇಲಿಟ್ಟು, ಪಿವಿಸಿ ಪೈಪಿನ ತುಂಡಿನಿಂದ ತಟ್ಟುತ್ತ ಇಳಿಸಿದೆ. ಸೀಲ್ ಮೇಲೆ ಬರದಂತೆ ಹಿಡಿಯುವ ಲಾಕ್ ಕೂರುವ ಕಾಲುವೆ ಸುತ್ತಲೂ ಪೂರ್ತಿ ಕಂಡರೆ ಸೀಲ್ ಕೂತಿದೆ. ಒಂದು ತಪ್ಪು ಮಾಡಿದೆ. ಅಲೆನ್ ಬೋಲ್ಟಿನ ತಾಮ್ರದ ವಾಷರ್ ಹಳೆಯದನ್ನೇ ಹಾಕಿದೆ. ಎರಡು ದಿನಕ್ಕೆ ತಳದಲ್ಲಿ ಹನಿ ಕಾಣಿಸಿತು. ಹತ್ತು ರೂಪಾಯಿಯ ವಾಷರಿಗೆ ಆ ಕಾಲನ್ನು ಮತ್ತೆ ಖಾಲಿ ಮಾಡಿದೆ.

ಹಾಕಿದ ಎಣ್ಣೆ 10ಡಬ್ಲ್ಯೂ ದರ್ಜೆಯ ಫೋರ್ಕ್ ಆಯಿಲ್. ಇಂಜಿನ್ ಆಯಿಲ್ ಸುರಿಯುವ ಪದ್ಧತಿ ನನಗೆ ಒಪ್ಪಿಗೆ ಇಲ್ಲ. ಅದು ಮಂದ, ನೊರೆಯೂ ಬರುತ್ತದೆ. ಸರ್ವಿಸ್ ಮ್ಯಾನುಯಲ್‌ನ ಅಳತೆಯನ್ನು ಸಿರಿಂಜಿನಲ್ಲಿ ಹಾಕಿ, ಪೈಪನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ ಗಾಳಿ ಬಿಡಿಸಿದೆ. ಆಮೇಲೆ ಸ್ಪ್ರಿಂಗ್ ಇಲ್ಲದೆ ಪೈಪನ್ನು ಪೂರ್ತಿ ಒತ್ತಿ, ಮೇಲಿನ ಬಾಯಿಂದ ಎಣ್ಣೆಯವರೆಗೆ ಸ್ಕೇಲ್ ಇಳಿಸಿ ಅಳೆದೆ. ಎರಡೂ ಕಾಲಿನಲ್ಲಿ ಒಂದೇ ಮಟ್ಟ ಬರುವುದು ಮುಖ್ಯ.

ಕಾಲುಗಳನ್ನು ಟಿಗೆ ಏರಿಸಿದ ಮೇಲೆ, ಎರಡೂ ಪೈಪುಗಳ ಮೇಲೆ ಅಡ್ಡಲಾಗಿ ಗಾಜು ಒರಗಿಸಿ ನೋಡಿದೆವು. ಗಾಜು ತೂಗಾಡಿದರೆ ಟಿ ತಿರುಚಿದೆ. ನನ್ನದು ಅಲ್ಲಾಡಲಿಲ್ಲ. ಆಕ್ಸಲ್ ಕೈಯಿಂದಲೇ ಸಲೀಸಾಗಿ ಜಾರಿ ಹೋಯಿತು. ಸುತ್ತಿಗೆ ಬೇಕು ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಏನೋ ಬಾಗಿದೆ. ಆಕ್ಸಲ್ ಬಿಗಿದು, ಬ್ರೇಕ್ ಹಿಡಿದು ಮುಂಭಾಗವನ್ನು ಐದಾರು ಸಲ ಒತ್ತಿ, ಕಾಲುಗಳು ತಾವೇ ಹೊಂದಿಕೊಂಡ ಮೇಲೆ ಉಳಿದ ಬೋಲ್ಟ್‌ಗಳನ್ನು ಬಿಗಿದೆ.

ಪೈಪಿಗೆ ಒಂದು ತೆಳು ಕೇಬಲ್ ಟೈ ಕಟ್ಟಿ, ಹಳೆಯ ಕಾತ್ರಜ್ ಘಾಟ್ ಹತ್ತಿ ಇಳಿದು ಬಂದೆ. ಟೈ ಎಲ್ಲಿಯ ತನಕ ಸರಿದಿದೆಯೋ ಶಾಕಪ್ ಅಷ್ಟು ಕುಗ್ಗಿದೆ. ಕೊನೆ ಮುಟ್ಟಲು ಇನ್ನೂ ಎರಡು ಬೆರಳು ಜಾಗ ಉಳಿದಿತ್ತು. ಆಮೇಲೆ ಇಡೀ ಮಳೆಗಾಲ ಓಡಿಸಿದೆ. ಎರಡು ಸಲ ಬೆಳಗಾವಿಗೆ ಹೋಗಿ ಬಂದೆ. ಈಗಲೂ ಪ್ರತಿ ರವಿವಾರ ಬಿಳಿ ಬಟ್ಟೆಯಿಂದ ಪೈಪ್ ಒರೆಸುತ್ತೇನೆ. ಬಟ್ಟೆಗೆ ಧೂಳು ಅಂಟುತ್ತದೆ, ಎಣ್ಣೆ ಇಲ್ಲ. ಗುಂಡಿ ಬಿದ್ದ ಪೈಪ್ ನೆಟ್ಟಗೇ ಇದೆಯಲ್ಲ, ಅದನ್ನು ಭೋಸರಿಯಲ್ಲೇ ಹಾರ್ಡ್ ಕ್ರೋಮ್ ಮಾಡಿಸಿ, ಅಳತೆಗೆ ಗ್ರೈಂಡ್ ಮಾಡಿಸಬೇಕೆಂದು ಎತ್ತಿಟ್ಟಿದ್ದೇನೆ.