ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಳೆಗಾಲದ ಆರೋಗ್ಯ ಸಂದೇಶ ಹಂಚುವುದು ಹೇಗೆ?

ಕೊಡಗಿನಲ್ಲಿ ಮಳೆ ಹಿಡಿದ ಮೇಲೆ ತೋಟದ ನಡುವಿನ ಒಂಟಿ ಮನೆಗಳಿಗೆ ಇಲಿ ಜ್ವರ, ಡೆಂಗಿಯ ಎಚ್ಚರಿಕೆಯನ್ನು ಬೇಗ ಮುಟ್ಟಿಸಲು ಊರಿನವರ, ಬೆಳೆಗಾರರ, ಸ್ತ್ರೀಶಕ್ತಿ ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳು ಒಳ್ಳೆಯ ದಾರಿ. ಆದರೆ ಅದೇ ದಾರಿಯಲ್ಲಿ ತಪ್ಪು ಮಾಹಿತಿಯೂ ಬರುವುದರಿಂದ, ಕಳುಹಿಸುವವರು ಕೆಲವು ಕ್ರಮಗಳನ್ನು ಪಾಲಿಸಬೇಕು.

ಮೊದಲು ಮಾಹಿತಿಯನ್ನು ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೋ ತೋರಿಸಿ ಖಚಿತಪಡಿಸಿಕೊಳ್ಳಿ. ಎರಡು ಬಾಣದ ಗುರುತಿನೊಂದಿಗೆ ಬಂದದ್ದು ಹಲವು ಕೈ ದಾಟಿದ ಸಂದೇಶ. ಅದನ್ನು ವಿಚಾರಿಸದೆ ಮುಂದಕ್ಕೆ ಕಳುಹಿಸಬೇಡಿ. ‘ಇಲಿ ಜ್ವರ ಬಾರದಂತೆ ಎಲ್ಲರೂ ಈ ಮಾತ್ರೆ ನುಂಗಿ’ ಎಂಬಂಥ ಸಲಹೆಯನ್ನಂತೂ ಎಂದಿಗೂ ಹಂಚಬಾರದು. ಮುಂಜಾಗ್ರತೆಯ ಮಾತ್ರೆ ಯಾರಿಗೆ ಬೇಕು, ಗರ್ಭಿಣಿಯರಿಗೂ ಮಕ್ಕಳಿಗೂ ಕೊಡಬಹುದೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಬರೆಯುವಾಗ ಒಂದು ಸಂದೇಶದಲ್ಲಿ ಒಂದೇ ವಿಷಯವಿರಲಿ. ರೋಗದ ವಿವರಣೆಗಿಂತ ಓದುಗರು ಮಾಡಬೇಕಾದ ಕೆಲಸ ಮುಂದೆ ಬರಲಿ. ನಾಟಿಯ ಸಮಯಕ್ಕೆ ಹೀಗೆ ಬರೆಯಬಹುದು: ‘ಕಾಲಿನಲ್ಲಿ ಗಾಯವಿದ್ದರೆ ನೀರು ತಾಗದಂತೆ ಮುಚ್ಚಿ, ಗಂಬೂಟು ಹಾಕಿಕೊಂಡೇ ಗದ್ದೆಗೆ ಇಳಿಯಿರಿ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿ ಜ್ವರ ಬರುತ್ತದೆ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ, ಗದ್ದೆಯಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಿಳಿಸಿ.’ ಕೊನೆಯ ಮಾತನ್ನು ಬಿಡಬೇಡಿ, ರೋಗವನ್ನು ಬೇಗ ಗುರುತಿಸಲು ಅದು ನೆರವಾಗುತ್ತದೆ. ಕೆಳಗೆ ದಿನಾಂಕ, ಮಾಹಿತಿ ಕೊಟ್ಟವರ ಹುದ್ದೆ, ಆರೋಗ್ಯ ಸಹಾಯವಾಣಿ 104 ಮತ್ತು ಆಂಬುಲೆನ್ಸಿನ 108 ಇರಲಿ.

ಡೆಂಗಿಯ ಸಂದೇಶವನ್ನು ವಾರಕ್ಕೊಮ್ಮೆ, ಗೊತ್ತುಮಾಡಿದ ಒಂದೇ ದಿನ ಹಾಕುವುದು ಒಳ್ಳೆಯದು. ಸೊಳ್ಳೆಯ ಮೊಟ್ಟೆ ರೆಕ್ಕೆ ಬಲಿತ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕಾಗುವುದರಿಂದ, ಡ್ರಮ್ಮು, ಹಳೆಯ ಟಯರು, ಟಾರ್ಪಾಲಿನ ಮಡಿಕೆಗಳಲ್ಲಿ ನಿಂತ ನೀರನ್ನು ಅಷ್ಟರೊಳಗೆ ಚೆಲ್ಲಬೇಕು.

ಕನ್ನಡದ ಬರಹವೊಂದೇ ಇಲ್ಲಿ ಸಾಲದು. ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ, ಮಲಯಾಳ ಆಡುವವರಿಂದಲೇ ಒಂದು ನಿಮಿಷದೊಳಗಿನ ಧ್ವನಿ ಸಂದೇಶ ಮಾಡಿಸಿ. ನೆಟ್‌ವರ್ಕ್ ಕ್ಷೀಣಿಸಿದಾಗ ವಿಡಿಯೊ ತೆರೆಯುವುದಿಲ್ಲ, ನಾಲ್ಕು ಸಾಲಿನ ಬರಹ ತಲುಪುತ್ತದೆ. ತೋಟದ ಲೈನ್‌ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಇರುವ, ಮೊಬೈಲ್ ಇಲ್ಲದ ಕಾರ್ಮಿಕರಿಗೆ ಬೆಳಿಗ್ಗೆ ಕೆಲಸ ಹಂಚುವ ಹೊತ್ತಿನಲ್ಲಿ ರೈಟರು (ತೋಟದ ಕೆಲಸ ನೋಡಿಕೊಳ್ಳುವವರು) ಅದನ್ನು ಓದಿ ಹೇಳುವಂತೆ ತೋಟದ ಮಾಲೀಕರನ್ನು ಕೇಳಿಕೊಳ್ಳಿ. ಗದ್ದೆಗೆ ಇಳಿಯುವವರಲ್ಲಿ ಈ ಕಾರ್ಮಿಕರೇ ಮುಂದಿರುವುದರಿಂದ ಈ ಹೆಜ್ಜೆ ಎಲ್ಲಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ.

ರೋಗಿಯ ಹೆಸರು, ಫೋಟೊ, ಪರೀಕ್ಷಾ ವರದಿ ಗುಂಪಿಗೆ ಬರಕೂಡದು. ಸಣ್ಣ ಊರಿನಲ್ಲಿ ‘ಸೇತುವೆ ಪಕ್ಕದ ಮನೆಯಲ್ಲಿ ಜ್ವರ’ ಎಂದರೂ ಆ ಕುಟುಂಬದ ಗುರುತು ಸಿಕ್ಕಿಬಿಡುತ್ತದೆ, ಅಂಥ ಭಯಕ್ಕೆ ಜನ ಕಾಯಿಲೆಯನ್ನೇ ಮುಚ್ಚಿಡತೊಡಗುತ್ತಾರೆ. ವದಂತಿ ಬಂದರೆ ಅದನ್ನು ಮತ್ತೆ ಹಾಕದೆ ಸರಿಯಾದ ಮಾಹಿತಿಯನ್ನಷ್ಟೇ ಬರೆಯಿರಿ. ಕಳುಹಿಸಿದವರೊಂದಿಗೆ ಪ್ರತ್ಯೇಕವಾಗಿ ಮಾತನಾಡಿ.

ಆರೋಗ್ಯ ಶಿಬಿರದ ದಿನ ಕಳೆದಾಗ ಅಥವಾ ನೀರು ಕುದಿಸಿ ಕುಡಿಯುವ ಸೂಚನೆ ಹಿಂತೆಗೆದಾಗ, ‘ಹಿಂದಿನ ಸಂದೇಶ ಈಗ ಅನ್ವಯಿಸುವುದಿಲ್ಲ’ ಎಂದು ಅದೇ ಗುಂಪಿನಲ್ಲಿ ದಿನಾಂಕ ಸಹಿತ ತಿಳಿಸಿ.